ಒಂದೇ ಗ್ಯಾಲಕ್ಸಿಲಿ ನೂರು ವರ್ಷಕ್ಕೆ 10 ಸೂಪರ್‌ನೋವಾ, ನಮ್ಮಲ್ಲಿ 400 ವರ್ಷದಿಂದ ಒಂದೂ ಇಲ್ವಲ್ಲ, ಯಾಕೆ?

ಶಿಡ್ಲಘಟ್ಟ_ರೇಷ್ಮೆ:
ಎಲ್ರಿಗೂ ನಮಸ್ಕಾರ. ಮೊದ್ಲೇ ಹೇಳ್ಬಿಡ್ತೀನಿ, ನಾನು ಸೈನ್ಸ್ ಓದ್ದೋನಲ್ಲ, ಬಿಕಾಂ. ಮನೇಲಿ ರೇಷ್ಮೆ ಹುಳ ಸಾಕ್ತೀವಿ, ರಾತ್ರಿ ಸೊಪ್ಪು ಹಾಕಕ್ಕೆ ಏಳ್ಬೇಕಲ್ಲ, ಆಗ ಹೊರಗ್ ಬಂದು ಐದ್ ನಿಮಿಷ ಮೇಲೆ ನೋಡಿ ಒಳಗ್ ಹೋಗೋ ಅಭ್ಯಾಸ, ಹಂಗೇ ಹತ್ಕೊಂಡ ಹುಚ್ಚು ಇದು. ನಿನ್ನೆ ಎನ್‌ಜಿಸಿ 6946 ಅಂತ ಒಂದು ಸುರುಳಿ ಗ್ಯಾಲಕ್ಸಿ ಬಗ್ಗೆ ಓದ್ದೆ, ಅದಕ್ಕೆ ಪಟಾಕಿ ಗ್ಯಾಲಕ್ಸಿ ಅಂತಾನೇ ಅಡ್ಡಹೆಸರಂತೆ. 1917ರಿಂದ 2017ರ ತನಕ ಅಲ್ಲಿ 10 ಸೂಪರ್‌ನೋವಾ, ಅಂದ್ರೆ ನಕ್ಷತ್ರ ಸಿಡಿದು ಸಾಯೋದು, ಸಿಕ್ಕಿದಾವಂತೆ. ನಮ್ಮ ಹಾಲುಹಾದಿಲಿ ಜನ ಕಣ್ಣಾರೆ ನೋಡಿ ಬರೆದಿಟ್ಟಿರೋ ಕಡೇದು 1604ರದ್ದು, ಕೆಪ್ಲರ್ ಕಾಲದ್ದು. ಇದು ಯಾವ ನ್ಯಾಯ ಸ್ವಾಮಿ? ಅಲ್ಲಿ ಏನ್ ವಿಶೇಷ ಇದೆ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇ_ದುರ್ಬೀನು:
ಒಳ್ಳೆ ಗ್ಯಾಲಕ್ಸಿ ಹಿಡಿದಿದೀರ. 1798ರಲ್ಲಿ ವಿಲಿಯಂ ಹರ್ಷೆಲ್ ಕಂಡಿದ್ದು. ಜಾಗ ಎಲ್ಲಪ್ಪಾ ಅಂದ್ರೆ ರಾಜಹಂಸಕ್ಕೂ ಯುಧಿಷ್ಠಿರಕ್ಕೂ ಗಡಿ ಇದೆಯಲ್ಲ, ಅದೇ ಸಿಗ್ನಸ್ ಮತ್ತೆ ಸೀಫಿಯಸ್, ಸರಿಯಾಗಿ ಆ ಗಡೀಲಿ. ದೂರ ಸುಮಾರು 2.5 ಕೋಟಿ ಬೆಳಕಿನ ವರ್ಷ. ಅಷ್ಟು ದೂರ ಅಂದ್ರೂ ಗ್ಯಾಲಕ್ಸಿಗಳ ಲೆಕ್ಕದಲ್ಲಿ ಪಕ್ಕದ ಬೀದಿ.

ವಿಶೇಷ ಎರಡಿದೆ. ಒಂದು, ಅದು ನಮಗೆ ಮುಖ ಕೊಟ್ಕೊಂಡು ಕೂತಿದೆ, ತಟ್ಟೆನ ಮೇಲಿಂದ ನೋಡಿದಂಗೆ. ತೋಳುಗಳೆಲ್ಲ ಬಿಚ್ಚಿ ಕಾಣತ್ತೆ, ಎಲ್ಲಿ ಏನ್ ಹೊತ್ಕೊಂಡ್ರೂ ತಿಳಿಯತ್ತೆ. ಎರಡು, ಅಲ್ಲಿ ಅನಿಲ ಧಂಡಿಯಾಗಿದೆ, ಹೊಸ ನಕ್ಷತ್ರ ಹುಟ್ಟೋ ವೇಗ ಜೋರು. ಗಾತ್ರದಲ್ಲಿ ನಮ್ಮ ಹಾಲುಹಾದಿಗಿಂತ ಚಿಕ್ಕದು ಆದ್ರೂ ಹೆರಿಗೆ ಜಾಸ್ತಿ. ಹುಟ್ಟೋದರಲ್ಲಿ ದೊಡ್ಡವು ಬೇಗ ಸಾಯ್ತವೆ. ನಮ್ಮ ಸೂರ್ಯ ಸಾವಿರ ಕೋಟಿ ವರ್ಷ ಬಾಳೋ ಆಸಾಮಿ, ಆದ್ರೆ ಅದಕ್ಕಿಂತ 15 ಪಟ್ಟು ತೂಕದ್ದು ಒಂದೆರಡು ಕೋಟಿ ವರ್ಷಕ್ಕೆ ಮುಗೀತು. ಅಂದ್ರೆ ಹುಟ್ಟಿದ ಬೀದಿಲೇ ಸಾಯತ್ತೆ. ಎಲ್ಲಿ ತೊಟ್ಟಿಲು ಜಾಸ್ತಿನೋ ಅಲ್ಲೇ ಸೂಪರ್‌ನೋವಾನೂ ಜಾಸ್ತಿ.

ಧಾರವಾಡ_ಫೇಡಾ:
ಅಲ್ರೀ ಸರ, ನಂದೊಂದು ತಕರಾರ ಅದ. ಯಾವ ಮನಿ ಮುಂದ ಪೊಲೀಸ್ರು ದಿನಾ ನಿಂತಿರ್ತಾರೋ ಆ ಮನ್ಯಾಗ ಕೇಸು ಜಾಸ್ತಿ ಸಿಗತಾವ. ಈ ಗ್ಯಾಲಕ್ಸಿಗೆ ಪಟಾಕಿ ಅಂತ ಹೆಸರ ಬಿದ್ದಮ್ಯಾಲ ಎಲ್ಲಾರೂ ಅದನ್ನ ನೋಡ್ಕೋತ ಕುಂತಾರ, ಅದಕ್ಕ ಅಲ್ಲಿ ಹೆಚ್ಚು ಸಿಕ್ಕಾವ. ಬ್ಯಾರೆ ಗ್ಯಾಲಕ್ಸಿನೂ ಹಂಗ ನೋಡಿದ್ರ ಅಲ್ಲೂ ಸಿಕ್ತಿದ್ವೋ ಏನೋ. 10 ಅನ್ನೂದು ಗ್ಯಾಲಕ್ಸಿ ಲೆಕ್ಕ ಅಲ್ಲ, ನೋಡೂ ಮಂದಿ ಲೆಕ್ಕ.

ಹಳೇ_ದುರ್ಬೀನು:
ಫೇಡಾ ಅವ್ರೇ, ಅರ್ಧ ಒಪ್ತೀನಿ. ಇಸವಿಗಳನ್ನೇ ನೋಡಿ: 1917, 1939, 1948, 1968, 1969, 1980, 2002, 2004, 2008, 2017. 1980 ಆದ್ಮೇಲೆ 22 ವರ್ಷ ಸದ್ದಿಲ್ಲ, ಆಮೇಲೆ ಆರೇ ವರ್ಷದಲ್ಲಿ ಮೂರು. ಈ ಮೂರು ಬಂದ ಕಾಲಕ್ಕೆ ಕಂಪ್ಯೂಟರೇ ನಡೆಸೋ ದೂರದರ್ಶಕ, ಡಿಜಿಟಲ್ ಕ್ಯಾಮೆರಾ ಎಲ್ಲಾ ಬಂದಿತ್ತು. 2002ರದ್ದು ಸಿಕ್ಕಿದ್ದು ಅಂಥ ಹುಡುಕಾಟದಲ್ಲೇ. ಹಳೇ ಕಾಲದಲ್ಲಿ ಗಾಜಿನ ಪ್ಲೇಟ್ ತೊಳೆದು ಕಣ್ಣಲ್ಲಿ ಹೋಲಿಸ್ಬೇಕಿತ್ತು, ಎಷ್ಟು ತಪ್ಪಿಸ್ಕೊಂಡಿವೆಯೋ ದೇವರಿಗೇ ಗೊತ್ತು. ಅಂದ್ರೆ ನಿಮ್ಮ ವಾದದ ಪ್ರಕಾರವೇ 10 ಅನ್ನೋದು ಜಾಸ್ತಿ ಅಲ್ಲ, ಕಮ್ಮಿ ಇರ್ಬೇಕು 😄

ಆದ್ರೆ ಇನ್ನರ್ಧ ಒಪ್ಪಲ್ಲ. ಹತ್ತಿರದ ಬೇರೆ ಸುರುಳಿಗಳನ್ನೂ ಜನ ಇಷ್ಟೇ ಶ್ರದ್ಧೆಯಿಂದ ನೋಡ್ತಾರೆ. ಎಂ61ರಲ್ಲಿ 1926ರಿಂದ 2020ರ ತನಕ 8, ಎಂ83ರಲ್ಲಿ 6. ನಮ್ಮ ಪಕ್ಕದ ಮನೆ ಆಂಡ್ರೊಮಿಡಾನ ಇಡೀ ಪ್ರಪಂಚ ನೋಡತ್ತೆ, ಅಲ್ಲಿ ಸಿಕ್ಕಿರೋದು 1885ರ ಒಂದೇ ಒಂದು. ಬರೀ ನೋಡೋದರಿಂದಲೇ ಆಗೋದಾಗಿದ್ರೆ ಅಲ್ಲಿ ಸಾಲುಗಟ್ಟಿ ಆಗ್ಬೇಕಿತ್ತು.

ಕುಡ್ಲದ_ಬೊಂಡ:
ಈ ಸೂಪರ್‌ನೋವಾಗಳಿಗೆ ಎಸ್‌ಎನ್ 2004ಇಟಿ, 2017ಇಎಡಬ್ಲ್ಯು ಅಂತೆಲ್ಲ ಹೆಸರು ಉಂಟಲ್ಲ ಮಾರಾಯ್ರೆ, ಅದು ಎಂತ ಗಾಡಿ ನಂಬರಾ?

ಹಳೇ_ದುರ್ಬೀನು:
ಹೂಂ, ಬಹುತೇಕ ಆರ್‌ಟಿಒ ಪದ್ಧತಿನೇ. ಆ ವರ್ಷದ ಮೊದಲ 26ಕ್ಕೆ ಎ ಇಂದ ಝಡ್ ದೊಡ್ಡಕ್ಷರ, ಅದು ಮುಗಿದ್ರೆ ಎಎ, ಎಬಿ ಅಂತ ಚಿಕ್ಕಕ್ಷರ ಜೋಡಿ, ಅದೂ ಮುಗಿದ್ರೆ ಮೂರಕ್ಷರ. ಲೆಕ್ಕ ಹಾಕಿ ನೋಡಿ, ಮಜಾ ಇದೆ. 1917ರದ್ದು ಬರೀ ಎ. 2004ರ ಇಟಿ ಅಂದ್ರೆ ಆ ವರ್ಷದ 150ನೇ ಹೆಸರು, ಸೆಪ್ಟೆಂಬರ್ ಕೊನೇಲಿ. 2017ರ ಇಎಡಬ್ಲ್ಯು ಅಂದ್ರೆ 3429ನೇ ಹೆಸರು, ಅದೂ ಮೇ ತಿಂಗಳಿಗೇ! ಆಕಾಶ ಬದಲಾಗ್ಲಿಲ್ಲ, ನೋಡೋ ಯಂತ್ರ ಬದಲಾಯ್ತು. ಇದು ಫೇಡಾ ಅವ್ರ ಕಡೆ ಒಂದು ಪಾಯಿಂಟು, ನಾನೇ ಕೊಡ್ತಿದೀನಿ.

ಧಾರವಾಡ_ಫೇಡಾ:
ತಗೊಂಡ್ನಿ ಸರ. ಜಮಾ ಮಾಡ್ಕೋರಿ.

ಫಿಸಿಕ್ಸ್_ಮೇಡಂ:
1917ರದ್ದರ ಕಥೆ ಯಾರೂ ಹೇಳ್ಲಿಲ್ಲವಲ್ಲ, ನನಗೆ ಈ ಹತ್ತರಲ್ಲಿ ಅದೇ ಅಚ್ಚುಮೆಚ್ಚು, ಕ್ಲಾಸಲ್ಲಿ ಪ್ರತಿ ವರ್ಷ ಹೇಳ್ತೀನಿ.

ಆ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ ಜಾರ್ಜ್ ರಿಚಿ ಅನ್ನೋರು 60 ಇಂಚಿನ ದೂರದರ್ಶಕದಲ್ಲಿ ಈ ಗ್ಯಾಲಕ್ಸಿಯ ಫೋಟೋ ತೆಗೀತಾರೆ. ಆಗ ಅದನ್ನ ಗ್ಯಾಲಕ್ಸಿ ಅಂತ ಯಾರೂ ಕರೀತಿರ್ಲಿಲ್ಲ, ಸುರುಳಿ ನೀಹಾರಿಕೆ ಅಂತಿದ್ರು, ನಮ್ಮ ಹಾಲುಹಾದಿ ಒಳಗಿನ ಒಂದು ಮೋಡವೋ ಅಥವಾ ಹೊರಗಿನ ಬೇರೆಯದೇ ಲೋಕವೋ ಅನ್ನೋದೇ ತೀರ್ಮಾನ ಆಗಿರ್ಲಿಲ್ಲ. ಆ ಪ್ಲೇಟಲ್ಲಿ ಹಿಂದೆ ಇಲ್ಲದ ಒಂದು ಚುಕ್ಕಿ. ಇದು ಸುದ್ದಿಯಾದ ಕೂಡ್ಲೇ ಲಿಕ್ ವೀಕ್ಷಣಾಲಯದ ಹೀಬರ್ ಕರ್ಟಿಸ್ ಮತ್ತೆ ಇನ್ನೂ ಕೆಲವರು ತಮ್ಮ ತಮ್ಮ ಹಳೇ ಪ್ಲೇಟುಗಳನ್ನ ಬೀರುವಿನಿಂದ ಹೊರಗೆ ತೆಗೆದು ಧೂಳು ಕೊಡವಿ ನೋಡಿದ್ರೆ ಬೇರೆ ಸುರುಳಿಗಳಲ್ಲೂ ಇಂಥ ಚುಕ್ಕಿಗಳು! ಯಾರೂ ಗಮನಿಸದೇ ವರ್ಷಾನುಗಟ್ಟಲೆ ಪೆಟ್ಟಿಗೆಯಲ್ಲಿ ಬಿದ್ದಿದ್ವು. ಈ ಚುಕ್ಕಿಗಳು ಇಷ್ಟು ಮಂಕಾಗಿ ಕಾಣ್ಬೇಕಾದ್ರೆ ಆ ಸುರುಳಿಗಳು ಬಹಳ ದೂರ ಇರ್ಲೇಬೇಕು ಅನ್ನೋದು ಕರ್ಟಿಸ್ ವಾದ. 1920ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಹಾರ್ಲೊ ಶೇಪ್ಲಿ ಜೊತೆ ನಡೆದ ದೊಡ್ಡ ಚರ್ಚೆಯಲ್ಲೂ ಅವರು ಈ ಅಸ್ತ್ರ ಬಿಟ್ರು. ಆಮೇಲೆ 1923ರಲ್ಲಿ ಹಬಲ್ ಆಂಡ್ರೊಮಿಡಾದಲ್ಲಿ ಸೀಫಿಡ್ ಅನ್ನೋ, ದೂರ ಅಳೆಯೋಕೆ ಬರೋ ನಕ್ಷತ್ರ ಹಿಡಿದ ಮೇಲೆ ಜಗಳ ಮುಗೀತು ಅನ್ನಿ.

ಅಂದ ಹಾಗೆ ಸೂಪರ್‌ನೋವಾ ಅಂತ ಬೇರೆ ಜಾತಿನೇ ಇದೆ ಅಂತ ಬಾಡೆ ಮತ್ತು ಜ್ವಿಕಿ ವಿಂಗಡಿಸಿದ್ದು 1934ರಲ್ಲಿ. ಅಂದ್ರೆ 1917ರ ಚುಕ್ಕಿ 17 ವರ್ಷ ತಾನು ಏನು ಅಂತ ಹೆಸರೇ ಇಲ್ಲದೆ ಇತ್ತು, ಪಾಪ.

ಶಿಡ್ಲಘಟ್ಟ_ರೇಷ್ಮೆ:
ಮೇಡಂ ಸೂಪರ್. ಆದ್ರೆ ನನ್ ಪ್ರಶ್ನೆಯ ಎರಡ್ನೇ ಭಾಗ ಹಂಗೇ ಉಳೀತು. ನಮ್ಮಲ್ಲಿ ಯಾಕಿಲ್ಲ? ನಮ್ಮ ಹಾಲುಹಾದಿ ಏನ್ ಬಂಜೆನಾ?

ಫಿಸಿಕ್ಸ್_ಮೇಡಂ:
ಇಲ್ಲಪ್ಪಾ, ನಮ್ಮಲ್ಲೂ ನೂರು ವರ್ಷಕ್ಕೆ ಒಂದೋ ಎರಡೋ ಆಗ್ಬೇಕು ಅಂತ ಅಂದಾಜು. ಆಗ್ತಾ ಇರತ್ತೆ, ಕಾಣಲ್ಲ. ನಾವು ತಟ್ಟೆಯ ಒಳಗೇ ಕೂತಿದೀವಲ್ಲ, ಮದುವೆ ಮನೆ ಊಟದ ಪಂಕ್ತಿಯಲ್ಲಿ ಕೂತೋನಿಗೆ ಆ ತುದೀಲಿ ಏನ್ ಬಡಿಸ್ತಿದಾರೆ ಅಂತ ಕಾಣಲ್ಲ, ಮಹಡಿ ಮೇಲೆ ನಿಂತೋನಿಗೆ ಎಲ್ಲಾ ಕಾಣತ್ತೆ. ಮಧ್ಯೆ ಬೇರೆ ಧೂಳು.

ಇದಕ್ಕೆ ಒಳ್ಳೆ ಉದಾಹರಣೆ ಜಿ1.9+0.3 ಅನ್ನೋ, ಸಿಡಿದ ನಕ್ಷತ್ರದ ಅವಶೇಷ. ಗ್ಯಾಲಕ್ಸಿಯ ಕೇಂದ್ರದ ಹತ್ತಿರ ಇದೆ. 2008ರಲ್ಲಿ ಚಂದ್ರ ಎಕ್ಸ್-ರೇ ವೀಕ್ಷಣಾಲಯ (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರೇ ಅದಕ್ಕೆ) ಮತ್ತೆ ರೇಡಿಯೋ ದೂರದರ್ಶಕ ಎರಡೂ ಸೇರಿ ಅದು ಎಷ್ಟು ವೇಗವಾಗಿ ಹಿಗ್ತಾ ಇದೆ ಅಂತ ಅಳೆದ್ರು. ವಾಪಸ್ ಲೆಕ್ಕ ಹಾಕಿದ್ರೆ ಆ ಸ್ಫೋಟದ ಬೆಳಕು ಭೂಮಿಗೆ ಬರ್ಬೇಕಾಗಿದ್ದು ಹತ್ತೊಂಬತ್ತನೇ ಶತಮಾನದ ಕೊನೆ ಹೊತ್ತಿಗೆ. ನಮ್ಮ ಮುತ್ತಜ್ಜಂದ್ರ ಕಾಲ. ಆಗ ದೂರದರ್ಶಕ ಇತ್ತು, ಫೋಟೋ ಪ್ಲೇಟ್ ಇತ್ತು, ನೋಡೋರೂ ಇದ್ರು. ಒಬ್ಬರಿಗೂ ಕಾಣ್ಲಿಲ್ಲ, ಧೂಳು ನುಂಗಿ ನೀರು ಕುಡೀತು.

ಮಳೆಹನಿ_ಎಂಎಸ್ಸಿ:
ಮೇಡಂ ಮಾತಿಗೆ ಒಂದು ಸೇರಿಸ್ತೀನಿ. ಧೂಳಿನ ಕಾಟ ಪಟಾಕಿ ಗ್ಯಾಲಕ್ಸಿಗೂ ತಪ್ಪಿಲ್ಲ. ಆ ದಿಕ್ಕಲ್ಲಿ ನಮ್ಮದೇ ಹಾಲುಹಾದಿಯ ಧೂಳು ಅದರ ಬೆಳಕಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿನೇ ತಿಂದ್ಹಾಕತ್ತೆ. ಅದರ ಮೇಲೆ ಅಲ್ಲಿನ ಸ್ವಂತ ಧೂಳು ಬೇರೆ. 2002ಎಚ್‌ಎಚ್ ಅನ್ನೋದಂತೂ ಎಷ್ಟು ಹೂತು ಹೋಗಿತ್ತು ಅಂದ್ರೆ ಹೊಳಪಿನ ಅಳತೇಲಿ ಸುಮಾರು 5 ಮ್ಯಾಗ್ನಿಟ್ಯೂಡ್ ಕಮ್ಮಿ, ಅಂದ್ರೆ ಬರ್ಬೇಕಾದ ಬೆಳಕಲ್ಲಿ ನೂರಕ್ಕೆ ಒಂದು ಪಾಲು ಬಂತು. ಅದಿಲ್ಲದಿದ್ರೆ 2004ರದ್ದರ ಹಂಗೆ ಅದನ್ನೂ ಹವ್ಯಾಸಿಗಳು ಸಣ್ಣ ದೂರದರ್ಶಕದಲ್ಲೇ ಹಿಡೀತಿದ್ರು.

ಧಾರವಾಡ_ಫೇಡಾ:
ಹಂಗಾರ ಮತ್ತ ಅಲ್ಲಿಗೇ ಬಂತಲ್ರೀ. ಒಟ್ಟ ಎಷ್ಟ? 10 ಅಂತೀರಿ, ಕಾಣದ್ದು ಇನ್ನೂ ಇರಬಹುದಂತೀರಿ. ಒಂದ್ ನಂಬರ್ ಹೇಳ್ರಲಾ.

ಹಳೇ_ದುರ್ಬೀನು:
ಹೇಳ್ತೀನಿ ಇರಿ, ಅದು ಹೇಳಿದ್ರೆ ಇನ್ನೂ ಕೆದಕ್ತೀರ ಅಂತ ಸುಮ್ನಿದ್ದೆ. ಆ ಹತ್ತರಲ್ಲೇ ಒಂದು ಅನುಮಾನದ ಗಿರಾಕಿ ಇದೆ, 2008ಎಸ್. ಫೆಬ್ರವರಿ ಒಂದಕ್ಕೆ ಬ್ರಿಟನ್ನಿನ ಹವ್ಯಾಸಿ ರಾನ್ ಆರ್ಬರ್ ಕಂಡಿದ್ದು. ಸಾಮಾನ್ಯ ಸೂಪರ್‌ನೋವಾಗಿಂತ ತುಂಬಾ ಮಂಕು. ಹಳೇ ಫೋಟೋಗಳಲ್ಲಿ ಆ ಜಾಗದಲ್ಲಿ ಮೂಲ ನಕ್ಷತ್ರ ಯಾವುದು ಅಂತ ಹುಡುಕಿದ್ರೆ ಮಾಮೂಲಿ ಬೆಳಕಲ್ಲಿ ಏನೂ ಇಲ್ಲ. ಸ್ಪಿಟ್ಜರ್ ಅನ್ನೋ ಇನ್‌ಫ್ರಾರೆಡ್ ದೂರದರ್ಶಕದ ಹಳೇ ಚಿತ್ರದಲ್ಲಿ ಮಾತ್ರ ಸಿಕ್ತು, ಸೂರ್ಯನ ಹತ್ತು ಪಟ್ಟು ತೂಕದ ನಕ್ಷತ್ರ, ತಾನೇ ಉಗುಳಿದ ಧೂಳಿನ ಕಂಬಳಿ ಹೊದ್ಕೊಂಡು ಕೂತಿತ್ತು, ಥೇಟ್ ನಿಮ್ಮ ರೇಷ್ಮೆ ಗೂಡು. ಅದು ನಿಜವಾಗ್ಲೂ ಸತ್ತಿದ್ದಾ ಇಲ್ಲಾ ದೊಡ್ಡದಾಗಿ ಕೆಮ್ಮಿದ್ದಾ ಅಂತ ಜಗಳ. ಕೆಮ್ಮಿದ್ದು ಅನ್ನೋರು ಅದನ್ನ ನಕಲಿ ಸೂಪರ್‌ನೋವಾ ಅಂತಾರೆ. ಆಮೇಲೆ ವರ್ಷಗಳು ಕಳೆದ ಮೇಲೆ ನೋಡಿದ್ರೆ ಅಲ್ಲಿ ಉಳಿದಿರೋದು ಮೂಲ ನಕ್ಷತ್ರಕ್ಕಿಂತ್ಲೂ ಮಂಕು, ಹಂಗಾಗಿ ಸತ್ತೇ ಹೋಗಿರ್ಬೇಕು ಅನ್ನೋ ವಾದಕ್ಕೆ ಬಲ ಬಂತು. ನನ್ನ ಓಟೂ ಸತ್ತಿದೆ ಅನ್ನೋದಕ್ಕೇ.

ಧಾರವಾಡ_ಫೇಡಾ:
ಅಂದ್ರ 9 ಇಲ್ಲಾ 10.

ಫೀನಿಕ್ಸ್_ಕನ್ನಡಿಗ:
ಇಲ್ಲಾ 10 ಇಲ್ಲಾ 11 🙂

ಸಾರಿ, ಮಧ್ಯೆ ಬಾಯಿ ಹಾಕ್ತಿದೀನಿ, ಅರಿಝೋನಾದಲ್ಲಿ ಇರೋದ್ರಿಂದ ಇದು ಹೇಳದೇ ಇದ್ರೆ ತಪ್ಪಾಗತ್ತೆ. ಇಲ್ಲಿ ಮೌಂಟ್ ಗ್ರಹಾಂ ಮೇಲೆ ಎರಡು ಕನ್ನಡಿಯ ಒಂದು ದೂರದರ್ಶಕ ಇದೆ, ಒಂದೊಂದು ಕನ್ನಡಿ 8.4 ಮೀಟರ್, ದುರ್ಬೀನಿನ ಹಂಗೆ ಅಕ್ಕಪಕ್ಕ. ಅದನ್ನ ಇಟ್ಕೊಂಡು ಓಹಾಯೋದ ಕೊಚಾನೆಕ್, ಸ್ಟಾನೆಕ್ ಮುಂತಾದವರು ಒಂದು ವಿಚಿತ್ರ ಸರ್ವೆ ಶುರು ಮಾಡಿದ್ರು. ಎಲ್ರೂ ಹೊಸದಾಗಿ ಹೊತ್ಕೊಳ್ಳೋದನ್ನ ಹುಡುಕಿದ್ರೆ ಇವರು ಆರಿ ಹೋಗೋದನ್ನ ಹುಡುಕ್ತಾರೆ. ಹತ್ತಿರದ ಗ್ಯಾಲಕ್ಸಿಗಳ ದೈತ್ಯ ನಕ್ಷತ್ರಗಳನ್ನ ವರ್ಷಾನುಗಟ್ಟಲೆ ಕಾಯೋದು, ಯಾವುದಾದ್ರೂ ಸದ್ದಿಲ್ದೆ ಕಾಣೆ ಆಯ್ತಾ ಅಂತ. ಹಾಜರಿ ಕರೆಯೋ ಮೇಷ್ಟ್ರ ಕೆಲ್ಸ.

ಒಂದು ಗೈರುಹಾಜರಿ ಸಿಕ್ಕಿದ್ದು ಇದೇ ಎನ್‌ಜಿಸಿ 6946ರಲ್ಲಿ! ಸೂರ್ಯನ 25 ಪಟ್ಟು ತೂಕದ ಕೆಂಪು ದೈತ್ಯ. 2009ರಲ್ಲಿ ಕೆಲವು ತಿಂಗಳು ಹತ್ತು ಲಕ್ಷ ಸೂರ್ಯರಿಗಿಂತ ಜಾಸ್ತಿ ಬೆಳಗ್ತು, ಇದು ಸೂಪರ್‌ನೋವಾ ಮುಂದೆ ಏನೂ ಅಲ್ಲ, ಆಮೇಲೆ ಮಂಕಾಗಿ ಮಾಯ. ಹಬಲ್ ದೂರದರ್ಶಕದಲ್ಲಿ ನೋಡಿದ್ರೂ ಆ ಜಾಗ ಖಾಲಿ. ಸ್ಫೋಟನೇ ಆಗ್ದೆ ನೇರವಾಗಿ ಕಪ್ಪುರಂಧ್ರ ಆಗಿರ್ಬೇಕು ಅಂತ ಅವ್ರ ವಾದ, ಹೆಸರೂ ಎನ್6946-ಬಿಎಚ್1 ಅಂತ ಇಟ್ರು. ಬಿಎಚ್ ಅಂದ್ರೆ ಬ್ಲ್ಯಾಕ್‌ಹೋಲ್.

ಕುಡ್ಲದ_ಬೊಂಡ:
ಪಟಾಕಿ ಠುಸ್ಸ್ ಆದದ್ದಾ ಹಾಗಾದ್ರೆ?

ಫೀನಿಕ್ಸ್_ಕನ್ನಡಿಗ:
ಅದೇ! ಅವರು ಅದನ್ನ ವಿಫಲ ಸೂಪರ್‌ನೋವಾ ಅಂತಾರೆ, ನಿಮ್ಮ ಠುಸ್ಸ್ ಎಷ್ಟೋ ವಾಸಿ.

ಮಳೆಹನಿ_ಎಂಎಸ್ಸಿ:
ಆದ್ರೆ ಸಾರ್, ಆ ಕೇಸ್ ಇನ್ನೂ ಕ್ಲೋಸ್ ಆಗಿಲ್ಲ. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಅಲ್ಲಿಗೆ ತಿರುಗಿ ನೋಡ್ದಾಗ ಇನ್‌ಫ್ರಾರೆಡ್‌ನಲ್ಲಿ ಒಂದಲ್ಲ ಮೂರು ಬೆಳಕು ಸಿಕ್ತು, ಹಿಂದಿನ ದೂರದರ್ಶಕಗಳಿಗೆ ಅವು ಬೆಸೆದು ಒಂದೇ ಥರ ಕಾಣ್ತಿದ್ವು. ಎರಡು ನಕ್ಷತ್ರ ಡಿಕ್ಕಿ ಹೊಡೆದು ಒಂದಾಗಿ ಧೂಳು ಎಬ್ಬಿಸಿ ಅದರ ಹಿಂದೆ ಬಚ್ಚಿಟ್ಕೊಂಡಿದ್ರೂ ಹೀಗೇ ಕಾಣತ್ತೆ ಅಂತ ಒಂದು ಗುಂಪು ಹೇಳತ್ತೆ. ಸತ್ತವನ ಹೆಸರಲ್ಲಿ ತಿಥಿ ಮಾಡಿ ಆದ್ಮೇಲೆ ಆಸಾಮಿ ಬಸ್ ಸ್ಟ್ಯಾಂಡಲ್ಲಿ ಕಂಡ ಅಂದಂಗೆ.

ಧಾರವಾಡ_ಫೇಡಾ:
9, 10, 11. ಇದು ಗ್ಯಾಲಕ್ಸಿನೋ ರೇಷನ್ ಕಾರ್ಡೋ. ಸತ್ತವ್ರ ಹೆಸರ ಲಿಸ್ಟಿನಾಗ, ಇದ್ದವ್ರ ಹೆಸರ ಇಲ್ಲ.

ಶಿಡ್ಲಘಟ್ಟ_ರೇಷ್ಮೆ:
ಹ್ಹಹ್ಹ. ನನ್ನದೊಂದು ದಡ್ಡ ಪ್ರಶ್ನೆ, ನಗಬೇಡಿ. ಈ ಠುಸ್ಸ್ ಆಗದೆ ಸರಿಯಾಗಿ ಸಿಡಿಯೋದು ಅಂದ್ರೆ ಒಳಗೆ ಏನಾಗತ್ತೆ? ಪಟಾಕಿಗೆ ಮದ್ದು ಇರತ್ತೆ, ನಕ್ಷತ್ರಕ್ಕೆ?

ಫಿಸಿಕ್ಸ್_ಮೇಡಂ:
ದಡ್ಡ ಪ್ರಶ್ನೆ ಅಲ್ಲ, ಎಷ್ಟೋ ಜನ ತಪ್ಪು ತಿಳ್ಕೊಂಡಿರೋದು ಇದನ್ನೇ. ಮದ್ದು ಇಲ್ಲ, ಬೀಳೋದೇ ಮದ್ದು. ದೊಡ್ಡ ನಕ್ಷತ್ರ ಹೈಡ್ರೋಜನ್ ಉರಿಸಿ ಹೀಲಿಯಂ, ಅದನ್ನ ಉರಿಸಿ ಇಂಗಾಲ, ಹೀಗೇ ಹೋಗ್ತಾ ತಿರುಳಲ್ಲಿ ಕಬ್ಬಿಣ ಕೂಡಿಬೀಳತ್ತೆ. ಕಬ್ಬಿಣ ಉರಿಸಿದ್ರೆ ಶಕ್ತಿ ಬರಲ್ಲ, ಕೈಯಿಂದಲೇ ಖರ್ಚು. ಒಲೆ ಆರಿತು ಅಂದ ಕೂಡ್ಲೇ ಭೂಮಿ ಗಾತ್ರದ ತಿರುಳು ಒಂದು ಸೆಕೆಂಡೂ ತಗೊಳ್ದೆ ಕುಸಿದು ಸುಮಾರು 20 ಕಿಲೋಮೀಟರ್ ಅಗಲದ ಉಂಡೆ ಆಗತ್ತೆ, ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿ ಅಷ್ಟು, ಸೂರ್ಯನಿಗಿಂತ ಜಾಸ್ತಿ ತೂಕ! ಬೀಳ್ತಾ ಬರ್ತಿರೋ ಪದರಗಳು ಆ ಗಟ್ಟಿ ಉಂಡೆಗೆ ಬಡಿದು ಹಿಮ್ಮೆಟ್ತವೆ, ಒಳಗಿಂದ ಹೊರಡೋ ನ್ಯೂಟ್ರಿನೋ ಅನ್ನೋ ಸೂಕ್ಷ್ಮ ಕಣಗಳು ಹಿಂದಿಂದ ನೂಕ್ತವೆ, ಹೊರಗಿನ ಪದರ ಹಾರಿ ಹೋಗತ್ತೆ. ಒಟ್ಟು ಶಕ್ತೀಲಿ ನೂರಕ್ಕೆ ಸುಮಾರು 99 ಪಾಲು ನ್ಯೂಟ್ರಿನೋಗಳದ್ದೇ, ನಾವು ಕಣ್ಣಲ್ಲಿ ನೋಡಿ ಬೆರಗಾಗೋ ಬೆಳಕು ಚಿಲ್ಲರೆ. ನೂಕು ಸಾಲದೇ ಹೋದ್ರೆ ಎಲ್ಲಾ ವಾಪಸ್ ಒಳಗೇ ಬಿದ್ದು ಕಪ್ಪುರಂಧ್ರ, ಅದೇ ಬೊಂಡ ಅವ್ರ ಠುಸ್ಸ್.

ಹಳೇ_ದುರ್ಬೀನು:
ಮೇಡಂ ಹೇಳಿದ ನ್ಯೂಟ್ರಿನೋ ವಿಷ್ಯ ಶಿಡ್ಲಘಟ್ಟದೋರ ಪ್ರಶ್ನೆಗೂ ಉತ್ತರ. ಇನ್ಮೇಲೆ ಹಾಲುಹಾದಿಲಿ ಹೀಗೆ ತಿರುಳು ಕುಸಿಯೋ ಸೂಪರ್‌ನೋವಾ ಆದ್ರೆ ಧೂಳು ಅಡ್ಡ ಬಂದ್ರೂ ತಪ್ಪಿಸ್ಕೊಳ್ಳೋ ಹಂಗಿಲ್ಲ, ನ್ಯೂಟ್ರಿನೋಗೆ ಧೂಳು ಲೆಕ್ಕಕ್ಕಿಲ್ಲ. 1987ರ ಫೆಬ್ರವರಿ 23ಕ್ಕೆ ಮೆಗಲಾನಿಕ್ ಮೋಡ ಅನ್ನೋ ಪಕ್ಕದ ಪುಟ್ಟ ಗ್ಯಾಲಕ್ಸೀಲಿ ಆದಾಗ ಜಪಾನ್, ಅಮೆರಿಕ, ರಷ್ಯಾ ಮೂರೂ ಕಡೆ ಸೇರಿ ಎರಡು ಡಜನ್ ನ್ಯೂಟ್ರಿನೋ ಸಿಕ್ತು, ಅದೂ ಬೆಳಕು ಕಾಣೋಕೆ ಕೆಲವು ಗಂಟೆ ಮುಂಚೆ.

ಈ ಎನ್‌ಜಿಸಿ 6946ರ 2004ಇಟಿ ಬಗ್ಗೆ ಒಂದು ಮಾತು. ಇಟಲಿಯ ಹವ್ಯಾಸಿ ಸ್ಟೆಫಾನೊ ಮೊರೆಟ್ಟಿ ಸೆಪ್ಟೆಂಬರ್ 27ಕ್ಕೆ ಕಂಡ್ರು. ಇದು ಟೈಪ್ ಟೂ-ಪಿ, ಪಿ ಅಂದ್ರೆ ಪ್ಲೇಟೋ, ಪ್ರಸ್ಥಭೂಮಿ. ಹೊಳಪು ಏರಿ ಸುಮಾರು ನೂರು ದಿನ ಹಂಗೇ ನಿಲ್ಲತ್ತೆ, ಹಾರಿದ ಹೈಡ್ರೋಜನ್ ಪದರ ಹೊರಗಿಂದ ಒಳಕ್ಕೆ ನಿಧಾನವಾಗಿ ತಣಿಯೋ ತನಕ. ಆಮೇಲೆ ದೊಪ್ಪಂತ ಇಳೀತು, ಅಲ್ಲಿಂದ ಮುಂದೆ ಉರಿಸೋದು ಕೋಬಾಲ್ಟ್, ಪ್ರತಿ 77 ದಿನಕ್ಕೆ ಅರ್ಧ ಅರ್ಧ ಆಗ್ತಾ ಕಬ್ಬಿಣ ಆಗೋದು.

ಇದನ್ನ ಒಂದೂವರೆ ವರ್ಷದ ತನಕ ಬಿಡದೆ ಹಿಂಬಾಲಿಸಿದ್ದು ಯಾರು ಗೊತ್ತಾ? ನಮ್ಮೋರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಸಾಹು, ಅನುಪಮಾ ಮತ್ತೆ ಸಂಗಡಿಗರು. ಲಡಾಖಿನ ಹಾನ್ಲೆಲಿ 4500 ಮೀಟರ್ ಎತ್ತರದಲ್ಲಿ ಇರೋ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ. 2006ರಲ್ಲಿ ಅವರ ಪ್ರಬಂಧ ಬಂತು. ಆ ದೂರದರ್ಶಕನ ಅಲ್ಲಿ ಚಳೀಲಿ ಕೂತು ನಡೆಸಲ್ಲ, ಉಪಗ್ರಹದ ಸಂಪರ್ಕದಲ್ಲಿ ಹೊಸಕೋಟೆಯಿಂದ ನಡೆಸ್ತಾರೆ.

ಶಿಡ್ಲಘಟ್ಟ_ರೇಷ್ಮೆ:
ಒಂದ್ ನಿಮಿಷ. ಯಾವ ಹೊಸಕೋಟೆ??

ಹಳೇ_ದುರ್ಬೀನು:
ನಿಮ್ಮದೇ ಹೊಸಕೋಟೆ ಸ್ವಾಮಿ. ಶಿಡ್ಲಘಟ್ಟ ರೋಡಲ್ಲಿ ಇದೆ, ಕ್ರೆಸ್ಟ್ ಅಂತ ಆ ಕೇಂದ್ರದ ಹೆಸರು.

ಶಿಡ್ಲಘಟ್ಟ_ರೇಷ್ಮೆ:
ಅಯ್ಯೋ ಶಿವನೇ!! ಆ ರೋಡಲ್ಲಿ ಎಷ್ಟ್ ಸಲ ಓಡಾಡಿದೀನೋ ಲೆಕ್ಕನೇ ಇಲ್ಲ, ಬಸ್ಸಲ್ಲಿ ಬಾಯ್ ಬಿಟ್ಕೊಂಡು ನಿದ್ದೆ ಮಾಡ್ತಾ ಹೋಗಿದೀನಿ. ನಾನಿಲ್ಲಿ ರಾತ್ರಿ ಸೊಪ್ಪು ಹಾಕ್ತಿರೋ ಹೊತ್ತಲ್ಲಿ ಅಲ್ಲಿ ಯಾರೋ ಕೂತ್ಕೊಂಡು ಲಡಾಖಿನ ಕನ್ನಡಿ ತಿರುಗಿಸಿ ಈ ಪಟಾಕಿನೇ ನೋಡ್ತಿದ್ರಾ! ಮನೇಲಿ ಹೇಳ್ದೆ, ನಮ್ಮಪ್ಪ ಅದಾ ಗೊತ್ತು ಕಾಂಪೌಂಡ್ ಇರೋದು ಅಂದ್ರು ಅಷ್ಟೇ, ಅವ್ರಿಗೆ ಇವತ್ತಿನ ಗೂಡಿನ ರೇಟ್ ಚಿಂತೆ.

ಮಳೆಹನಿ_ಎಂಎಸ್ಸಿ:
ಈಗ್ಲೂ ನೋಡ್ತಾರೆ ಅಣ್ಣ. 2023ರ ಮೇನಲ್ಲಿ ಎಂ101 ಅನ್ನೋ ಇನ್ನೊಂದು ಸುರುಳೀಲಿ ಜಪಾನಿನ ಇತಗಾಕಿ ಅವರು 2023ಐಎಕ್ಸ್‌ಎಫ್ ಕಂಡ್ರಲ್ಲ, ಅದನ್ನೂ ಇದೇ ದೂರದರ್ಶಕ ಮತ್ತೆ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹ ಎರಡರಲ್ಲೂ ನೋಡಿದ್ರು. ಮೇಲಿಂದ ನೇರಳಾತೀತ, ಕೆಳಗಿಂದ ಮಾಮೂಲಿ ಬೆಳಕು.

2004ಇಟಿಗೆ ಇನ್ನೊಂದು ತಮಾಷೆ ಇದೆ. ಸಿಡಿದ ನಕ್ಷತ್ರ ಯಾವುದು ಅಂತ ಹಳೇ ಫೋಟೋಲಿ ಹುಡುಕಿ ಹಳದಿ ದೈತ್ಯ ಒಂದನ್ನ ತೋರಿಸಿ ಇದೇ ಅಂದಿದ್ರು. ಈ ಬಗೆ ಸ್ಫೋಟ ಸಾಮಾನ್ಯವಾಗಿ ಕೆಂಪು ದೈತ್ಯದ್ದು, ಹಳದಿ ಯಾಕೆ ಬಂತು ಅಂತ ತಲೆ ಕೆರ್ಕೊಂಡ್ರು. ಸೂಪರ್‌ನೋವಾ ಆರಿದ ಮೇಲೆ ನೋಡಿದ್ರೆ ಆ ಹಳದಿ ಅಲ್ಲೇ ಇದೆ, ಕಲ್ಲುಗುಂಡಿನ ಹಂಗೆ! ಅದು ಒಂದು ನಕ್ಷತ್ರನೇ ಅಲ್ಲ, ಅಕ್ಕಪಕ್ಕದ ಮೂರ್ನಾಲ್ಕು ಸೇರಿ ಒಂದು ಥರ ಕಂಡಿತ್ತು. ಸತ್ತಿದ್ದು ಪಕ್ಕದ ಕೆಂಪಂದು.

ಧಾರವಾಡ_ಫೇಡಾ:
ಹೆಣ ಒಬ್ಬಂದು ಹೆಸರ ಇನ್ನೊಬ್ಬಂದು. ನಾ ಹೇಳ್ಲಿಲ್ಲೇನ್ರಿ ರೇಷನ್ ಕಾರ್ಡ್ ಅಂತ.

ಕುಡ್ಲದ_ಬೊಂಡ:
ನಮಗೆ ನೋಡ್ಲಿಕ್ಕೆ ಸಿಗ್ತದಾ ಈ ಗ್ಯಾಲಕ್ಸಿ? ಇಲ್ಲಿ ಮಳೆ ನಿಲ್ಲುವಾಗ ದೀಪಾವಳಿ ಬರ್ತದೆ ಮಾರಾಯ್ರೆ.

ಹಳೇ_ದುರ್ಬೀನು:
ಸಿಗತ್ತೆ, ಕಷ್ಟ ಪಡ್ಬೇಕು. ಬೆಂಗಳೂರು ಕಡೆಯಿಂದ ಉತ್ತರಕ್ಕೆ ಹೆಚ್ಚೆಂದರೆ 43 ಡಿಗ್ರಿ ಏರತ್ತೆ. ಮಹಾಲಯ ಅಮಾವಾಸ್ಯೆ ಆಸುಪಾಸು ರಾತ್ರಿ ಎಂಟಕ್ಕೆ ಸರಿಯಾಗಿ ಉತ್ತರದಲ್ಲಿ ಅಷ್ಟೆತ್ತರ, ಮೋಡ ಬಿಟ್ರೆ. ದೀಪಾವಳಿ ಅಮಾವಾಸ್ಯೆಗೂ ಇರತ್ತೆ ಆದ್ರೆ ಹೊಗೇಲಿ ಪಟಾಕಿ ಗ್ಯಾಲಕ್ಸಿ ಹುಡುಕೋದು ನಮ್ಮ ಹಣೆಬರಹ. ಬೈನಾಕ್ಯುಲರ್ ಸಾಲಲ್ಲ, 8 ಇಂಚಿನ ದೂರದರ್ಶಕ, ಕಪ್ಪು ಆಕಾಶ ಎರಡೂ ಬೇಕು. ಮೊದ್ಲು ಎನ್‌ಜಿಸಿ 6939 ಅಂತ ನಕ್ಷತ್ರಗುಚ್ಛ ಹಿಡೀರಿ, ಅದು ಸಕ್ಕರೆ ಚೆಲ್ಲಿದಂಗೆ ಕಾಣತ್ತೆ. ಅಲ್ಲಿಂದ ಚಂದ್ರನ ಅಗಲದಷ್ಟು ಚೂರು ಸರಿದ್ರೆ ಗ್ಯಾಲಕ್ಸಿ. ನೇರವಾಗಿ ನೋಡಿದ್ರೆ ಮಾಯ ಆಗತ್ತೆ, ಓರೆಗಣ್ಣಲ್ಲಿ ನೋಡಿ. ಫೋಟೋದಲ್ಲಿರೋ ಗುಲಾಬಿ ತೋಳು ಎಲ್ಲಾ ಕಾಣಲ್ಲ, ಕನ್ನಡಿ ಮೇಲೆ ಉಸಿರು ಬಿಟ್ಟಂಗೆ ಒಂದು ಮಂಜು, ಅಷ್ಟೇ.

2017ರದ್ದನ್ನ ಕಂಡ ಪ್ಯಾಟ್ರಿಕ್ ವಿಗಿನ್ಸ್ ಯೂಟಾದ ಹವ್ಯಾಸಿ, ದೂರದರ್ಶಕ 14 ಇಂಚೇ. ಅಂದ್ರೆ ಇದು ನಮ್ಮಂಥೋರಿಗೆ ಪೂರ್ತಿ ಎಟುಕದ ಆಟ ಏನಲ್ಲ.

(ಮೂರು ವಾರ ಆದ್ಮೇಲೆ)

ಶಿಡ್ಲಘಟ್ಟ_ರೇಷ್ಮೆ:
ಎಲ್ಲಾ ಎದ್ದಿದೀರಾ? ಚಿಂತಾಮಣಿಲಿ ಒಬ್ರು ಮೇಷ್ಟ್ರ ಹತ್ರ 8 ಇಂಚಿಂದು ಇದೆ ಅಂತ ಗೊತ್ತಾಗಿ ಗಂಟುಬಿದ್ದು ಹಿಪ್ಪುನೇರಳೆ ತೋಟಕ್ಕೇ ತರ್ಸಿದೆ. ಏಳೂವರೆಗೆ ಮೋಡ, ಎಂಟಕ್ಕೆ ಮೋಡ, ಎಂಟೂಕಾಲಿಗೆ ಉತ್ತರ ಬಿಟ್ಟುಕೊಡ್ತು. ಸಕ್ಕರೆ ಸಿಕ್ತು. ಆಮೇಲೆ ಅರ್ಧ ಗಂಟೆ ಏನೂ ಇಲ್ಲ, ಮೇಷ್ಟ್ರು ಇದೇ ನೋಡಪ್ಪ ಅಂತಾರೆ ನಂಗೆ ಬರೀ ಕಪ್ಪು, ಓರೆಗಣ್ಣಲ್ಲಿ ನೋಡು ಅಂತ ನೀವು ಹೇಳಿದ್ದು ನೆನಪಾಗಿ ನೋಡಿದ್ರೆ ಇದೆ!! ಇದೆ ಸಾರ್, ಉಸಿರು ಬಿಟ್ಟಂಗೆ ಅಂದ್ರಲ್ಲ ಹಂಗೇ.

ಆದ್ರೆ ಅರ್ಜೆಂಟ್ ವಿಷ್ಯ ಅದಲ್ಲ. ಆ ಮಂಜಿನ ಮೇಲೆ ಅಂಚಿನ ಹತ್ರ ಒಂದು ನಕ್ಷತ್ರ ಇದೆ. ಚೂಪಾಗಿ. ಒಂದಲ್ಲ ಎರಡ್ಮೂರು. ಇದು 11ನೇದಾ?? ಯಾರಿಗೆ ಫೋನ್ ಮಾಡ್ಬೇಕು? ಹೊಸಕೋಟೆಗೆ ಹೋಗ್ಲಾ? ಬೈಕ್ ಇದೆ.

ಧಾರವಾಡ_ಫೇಡಾ:
ಎರಡ್ಮೂರ್ ಒಮ್ಮಿಗೇ? 13 ಅಂತ ಬರ್ಕೊಳ್ಲೇನು?

ಹಳೇ_ದುರ್ಬೀನು:
ಬೈಕ್ ಸ್ಟ್ಯಾಂಡ್ ಹಾಕಿ ಸ್ವಾಮಿ 😄 ಆ ಗ್ಯಾಲಕ್ಸಿನ ನಾವು ನೋಡೋದು ನಮ್ಮ ಹಾಲುಹಾದಿಯ ಜನಜಂಗುಳಿ ಮಧ್ಯದಿಂದ. ಅದರ ಮೇಲೆ ಕಾಣೋ ಚುಕ್ಕಿಗಳಲ್ಲಿ ಹೆಚ್ಚಿನವು ನಮ್ಮ ಗ್ಯಾಲಕ್ಸಿಯವೇ, ಕಿಟಕಿ ಗಾಜಿನ ಮೇಲಿನ ಮಳೆಹನಿ ಇದ್ದಂಗೆ. ಯಾವುದಾದ್ರೂ ಹಳೇ ಫೋಟೋ ತೆಗೆದು ಒಂದೊಂದೇ ಹೋಲಿಸಿ. ದೂರದರ್ಶಕದಲ್ಲಿ ತಲೆಕೆಳಗೆ ಕಾಣತ್ತೆ, ಫೋನು ತಿರುಗಿಸ್ಕೊಳ್ಳಿ. ಅದರಲ್ಲೂ ಇದ್ರೆ ಹಳೇದು. ಇಲ್ದಿದ್ರೆ ಆಗ ನನಗೆ ಫೋನ್ ಮಾಡಿ, ಎಷ್ಟೊತ್ತಾದ್ರೂ ಪರ್ವಾಗಿಲ್ಲ.

ಶಿಡ್ಲಘಟ್ಟ_ರೇಷ್ಮೆ:
ನೋಡ್ದೆ. ಫೋನ್ ತಲೆಕೆಳಗ್ ಮಾಡಿ ಮೇಷ್ಟ್ರ ಜೊತೆ ಒಂದೊಂದೇ ಎಣಿಸ್ದೆ. ಎಲ್ಲಾ ಹಳೇ ಫೋಟೋಲೂ ಇದಾವೆ ಸಾರ್, ಆ ಚೂಪಾಗಿರೋದೂ ಇದೆ.

ಮೇಷ್ಟ್ರು ಮುಂದಿನ ಅಮಾವಾಸ್ಯೆಗೂ ತರ್ತೀನಿ ಅಂದಿದಾರೆ. ಈಗ ಹತ್ತಾಯ್ತು, ಹುಳ ನಾಲ್ಕನೇ ಜ್ವರ (ಪೊರೆ ಕಳಚೋದು) ಬಿಟ್ಟು ಎದ್ದಿವೆ, ಸೊಪ್ಪು ಹಾಕ್ಬೇಕು. ಬರ್ತೀನಿ.